ಕಣ್ಣಂಚಿನ ಬಿಳಿ ಚುಕ್ಕೆ

ಹಸುವಿನ ಕಣ್ಣು ನೋಡಬೇಕೆಂದರೆ ಬೆಳಗಿನ ಹಾಲು ಕರೆದು ಮುಗಿದ ಹೊತ್ತು ಒಳ್ಳೆಯದು. ಬಿಸಿಲು ಇನ್ನೂ ಓರೆಯಾಗಿರುತ್ತದೆ, ನೊಣಗಳು ಪೂರ್ತಿ ಎದ್ದಿರುವುದಿಲ್ಲ, ಹಸು ರಾಗಿ ಹುಲ್ಲು ಮೆಲ್ಲುತ್ತ ತಲೆಯನ್ನು ಒಂದೇ ಮಟ್ಟದಲ್ಲಿ ಇಟ್ಟುಕೊಂಡಿರುತ್ತದೆ. ಎದುರಿಗೆ ಹೋಗಿ ನಿಲ್ಲಬಾರದು. ಒಂದು ಮಾತಾಡಿಸಿ, ಕುತ್ತಿಗೆಯ ಮೇಲೆ ಕೈಯಿಟ್ಟು, ಭುಜದ ಪಕ್ಕದಿಂದ ಮೆಲ್ಲಗೆ ಮುಂದಕ್ಕೆ ಬಂದರೆ ಕಣ್ಣು ತಾನಾಗಿಯೇ ನಮ್ಮ ಕಡೆ ಹೊರಳುತ್ತದೆ. ಹೊರಳಿದಾಗ ಕರಿಗುಡ್ಡೆಯ ಪಕ್ಕದಲ್ಲಿ ಅಷ್ಟು ಹೊತ್ತು ಮರೆಯಾಗಿದ್ದ ಬಿಳಿಗುಡ್ಡೆ ಒಂದಿಷ್ಟು ಹೊರಗೆ ಬರುತ್ತದೆ. ನೋಡಬೇಕಾದದ್ದು ಅಲ್ಲಿ, ಕಪ್ಪೂ ಬಿಳುಪೂ ಕೂಡುವ ಆ ಅಂಚಿನಲ್ಲಿ.

ಕೋಲಾರದ ಕಡೆಯ ಒಂದು ಊರು. ಮನೆಮನೆಗೂ ಎರಡೋ ಮೂರೋ ಸೀಮೆಹಸು, ಬೆಳಿಗ್ಗೆ ಸಂಜೆ ಡೇರಿಯ ಮುಂದೆ ಕ್ಯಾನುಗಳ ಸಾಲು. ನಾನು ಅಲ್ಲಿಗೆ ಹೋಗುವುದು ಕೆರೆಯ ಹಕ್ಕಿಗಳಿಗಾಗಿ. ನೀರು ಇಳಿದ ತಿಂಗಳುಗಳಲ್ಲಿ ಕೆರೆಯಂಗಳದ ಗರಿಕೆಯಲ್ಲಿ ದನ ಮೇಯುತ್ತವೆ, ದನದ ಹಿಂದೆ ಗೋವಕ್ಕಿಗಳು ನಡೆಯುತ್ತವೆ. ಗೋವಕ್ಕಿ ಸಾಮಾನ್ಯವಾಗಿ ದನದ ಕಾಲ ಬಳಿ ಇರುತ್ತದೆ. ಗೊರಸಿಗೆ ಬೆದರಿ ಹಾರುವ ಮಿಡತೆ ಅದಕ್ಕೆ ಬೇಕು. ಆದರೆ ಒಂದು ಹಸುವಿನ ಹತ್ತಿರ ಮಾತ್ರ ಅವು ಮತ್ತೆ ಮತ್ತೆ ಮುಖದ ಎಡಗಡೆಗೇ ಹೋಗುತ್ತಿದ್ದವು. ಹಸು ತಲೆ ತಗ್ಗಿಸಿದಾಗ ಕುತ್ತಿಗೆ ಚಾಚಿ ಕಣ್ಣಿನ ಕೆಳಗಿನಿಂದ ಏನನ್ನೋ ಕುಕ್ಕಿ ತೆಗೆಯುತ್ತಿದ್ದವು. ದುರ್ಬೀನಿನಲ್ಲಿ ನೋಡಿದರೆ ನೊಣ. ಬಲಗಣ್ಣಿಗೆ ಒಂದೆರಡು, ಎಡಗಣ್ಣಿಗೆ ಒಂದು ಹಿಂಡು. ಎಡಗೆನ್ನೆಯ ಬಿಳಿ ಕೂದಲಿನ ಮೇಲೆ ನೀರು ಸೋರಿ ಒಣಗಿದ ಕಂದು ಗೆರೆ.

ಆ ಹಸುವಿನ ಹೆಸರು ಚುಕ್ಕಿ. ಎಚ್.ಎಫ್. (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿ, ನಾಲ್ಕು ಕರು ಹಾಕಿದ್ದು. ಬಲಗಣ್ಣು ಒಂದು ದೊಡ್ಡ ಕರಿ ಮಚ್ಚೆಯ ನಡುವೆ ಇದೆ, ರೆಪ್ಪೆಯ ಅಂಚು ಕಾಡಿಗೆ ಹಚ್ಚಿದ ಹಾಗೆ ಕಪ್ಪು. ಎಡಗಡೆ ಮುಖದ ಬಿಳುಪು ಕಣ್ಣಿನವರೆಗೂ ಬಂದುಬಿಟ್ಟಿದೆ. ಆ ರೆಪ್ಪೆಯ ಅಂಚು ತಿಳಿಗೆಂಪು, ರೋಮವೂ ಬಿಳಿ. ಮರುದಿನ ಕೊಟ್ಟಿಗೆಗೇ ಹೋಗಿ ನೋಡಿದೆ. ಎಡಗಣ್ಣಿನ ಹೊರಮೂಲೆಯಲ್ಲಿ, ಕರಿಗುಡ್ಡೆಯ ಗಡಿಯ ಮೇಲೆ ಬಿಳಿಯದೊಂದು ಚುಕ್ಕೆ. ಎರಡು ಮೂರು ಮಿಲಿಮೀಟರ್ ಇರಬಹುದು. ನುಣುಪಾಗಿಲ್ಲ, ಓರೆ ಬಿಸಿಲಿನಲ್ಲಿ ಅದಕ್ಕೆ ತನ್ನದೇ ಒಂದು ಸಣ್ಣ ನೆರಳಿತ್ತು, ಅಂದರೆ ಅದು ಕಣ್ಣಿನ ಮೇಲ್ಮೈಯಿಂದ ಮೇಲೆದ್ದಿತ್ತು. ಹಸು ರೆಪ್ಪೆ ಮುಚ್ಚಿ ತೆರೆದಾಗ ಅದರ ಮೇಲಿನ ನೀರಿನ ಪೊರೆ ಸರಿಯಾಗಿ ಹರಡದೆ ಒಡೆಯುತ್ತಿತ್ತು.

“ರಾಗಿ ಹುಲ್ಲಿನ ಕಡ್ಡಿ ಚುಚ್ಚೈತೆ ಅಷ್ಟೆ ಅಣ್ಣ, ಹೋಗ್ತದೆ ಬಿಡಿ,” ಎಂದರು ಮನೆಯೊಡತಿ. ಪಕ್ಕದಲ್ಲೇ ಕೂತಿದ್ದ ಅವರ ಅತ್ತೆಗೆ ಅದು ದುರ್ಮಾಂಸ. ತುಂಬೆ ಸೊಪ್ಪಿನ ರಸ ಬಿಟ್ಟಿದ್ದರು. ಹಿಂದೆ ಗಂಡಸರು ಉಪ್ಪನ್ನೋ ಹೊಗೆಸೊಪ್ಪನ್ನೋ ಅಗಿದು ದನದ ಕಣ್ಣಿಗೆ ಉಗಿಯುತ್ತಿದ್ದರಂತೆ, ಈಗ ಯಾರೂ ಮಾಡುವುದಿಲ್ಲ ಎಂದರು. ಮಾಡದಿರುವುದೇ ಒಳ್ಳೆಯದು. ಉಪ್ಪೂ ಹೊಗೆಸೊಪ್ಪೂ ಕಣ್ಣಿನ ಮೇಲ್ಪೊರೆಯನ್ನು ಸುಡುತ್ತವೆ, ಅಲ್ಲಿರುವ ಗಂಟನ್ನು ಏನೂ ಮಾಡುವುದಿಲ್ಲ.

ಕಡ್ಡಿ ಚುಚ್ಚಿದ್ದು ಎನ್ನುವುದು ಸುಮ್ಮನೆ ತಳ್ಳಿಹಾಕುವ ಮಾತಲ್ಲ. ದನದ ಕಣ್ಣಲ್ಲಿ ನೀರು ಸುರಿಯಲು ಕಾರಣಗಳು ಹಲವು. ಕಡ್ಡಿ ಚುಚ್ಚಿದರೆ ಹಸು ಕಣ್ಣನ್ನು ಬಿಗಿಯಾಗಿ ಮುಚ್ಚಿಕೊಳ್ಳುತ್ತದೆ, ಬೆಳಕಿಗೆ ಮುಖ ಕೊಡುವುದಿಲ್ಲ. ನೊಣಗಳ ಕಾಲದಲ್ಲಿ ಹರಡುವ ಕೆಂಗಣ್ಣು ಬೇನೆ ಬಂದರೆ ಕರಿಗುಡ್ಡೆಯ ನಟ್ಟನಡುವೆ ಬಿಳಿಚಿಕೊಂಡು ಹೂ ಬಿದ್ದಂತಾಗುತ್ತದೆ. ಒಂದಕ್ಕೆ ಬಂದರೆ ಕೊಟ್ಟಿಗೆಯ ಇನ್ನೊಂದಕ್ಕೂ ಬರುತ್ತದೆ, ಎಳೆಗರುಗಳಿಗೆ ಹೆಚ್ಚು. ರೆಪ್ಪೆಯೊಳಗೆ ದಾರದಂತೆ ಓಡಾಡುವ ಕಣ್ಣಿನ ಹುಳುವೂ ಉಂಟು, ಅದನ್ನು ತರುವುದೂ ನೊಣವೇ. ಹುಟ್ಟುವಾಗಲೇ ಕಣ್ಣುಗುಡ್ಡೆಯ ಮೇಲೆ ಕೂದಲು ಬೆಳೆದ ಚರ್ಮದ ತುಣುಕು ಇರುವ ಕರುಗಳಿವೆ. ಚುಕ್ಕಿಯದು ಇದಾವುದೂ ಅಲ್ಲ. ಅದು ಕಣ್ಣನ್ನು ಆರಾಮವಾಗಿ ತೆರೆದೇ ಇಟ್ಟುಕೊಂಡಿತ್ತು. ನೋವಿಲ್ಲದಿರುವುದೇ ಈ ಕಾಯಿಲೆಯ ಮೊದಲ ಮೋಸ. ನೋವಿಲ್ಲವೆಂದು ಹಸು ಸುಮ್ಮನಿರುತ್ತದೆ, ಹಸು ಸುಮ್ಮನಿದೆ ಎಂದು ಮನೆಯವರೂ ಸುಮ್ಮನಿರುತ್ತಾರೆ.

ಇದು ದನದ ಕಣ್ಣಿನ ಕ್ಯಾನ್ಸರ್ ಹೊರಡುವ ದಾರಿ. ಕಣ್ಣಿನ ಹೊರಪದರದ ಚಪ್ಪಟೆ ಕೋಶಗಳಲ್ಲಿ ಹುಟ್ಟುವಂಥದ್ದು, ಸ್ಕ್ವಾಮಸ್ ಸೆಲ್ ಕಾರ್ಸಿನೋಮ ಎಂದು ವೈದ್ಯರು ಬರೆಯುತ್ತಾರೆ. ಮೊದಲು ಒಂದು ಬಿಳಿ ದದ್ದು, ಆಮೇಲೆ ನರುಲಿಯಂಥ ಗಂಟು, ಆಮೇಲೆ ಒಳಗೆ ಬೇರು ಬಿಡುವ ಗಡ್ಡೆ. ಬಿಳಿ ದದ್ದುಗಳೆಲ್ಲ ಕ್ಯಾನ್ಸರ್ ಆಗುವುದಿಲ್ಲ, ಕೆಲವು ತಾವಾಗಿಯೇ ಕರಗಿಹೋಗುತ್ತವೆ. ಯಾವುದು ಕರಗುತ್ತದೆ, ಯಾವುದು ಬೆಳೆಯುತ್ತದೆ ಎಂದು ಕಣ್ಣಳತೆಯಲ್ಲಿ ಹೇಳಲಾಗದು. ಹಾಗಾಗಿ ಕಾಯುವುದೆಂದರೆ ಅಳೆಯುತ್ತ ಕಾಯುವುದು.

ಗಂಟು ಏಳುವ ಜಾಗ ಸುಮ್ಮನೆ ಆಯ್ದುಕೊಂಡದ್ದಲ್ಲ. ಹಸು ಕಣ್ಣು ತೆರೆದಾಗ ರೆಪ್ಪೆಗಳ ನಡುವಿನ ಸೀಳು ಅಡ್ಡಲಾಗಿರುತ್ತದೆ. ಕರಿಗುಡ್ಡೆಯ ಮೇಲಂಚನ್ನು ಮೇಲಿನ ರೆಪ್ಪೆಯೂ ಕೆಳಅಂಚನ್ನು ಕೆಳಗಿನ ರೆಪ್ಪೆಯೂ ಮುಚ್ಚಿರುತ್ತವೆ. ಎಡಬಲದ ಎರಡು ಅಂಚುಗಳು ಮಾತ್ರ ದಿನವಿಡೀ ಬಯಲಿಗೆ ಬಿದ್ದಿರುತ್ತವೆ. ಗಂಟುಗಳಲ್ಲಿ ಬಹುಪಾಲು ಏಳುವುದು ಅಲ್ಲೇ. ಉಳಿದವು ಬಿಳಿ ಚರ್ಮದ ಕೆಳರೆಪ್ಪೆಯ ಮೇಲೆ, ಮೂಗಿನ ಕಡೆಯ ಮೂಲೆಯಲ್ಲಿ, ಮತ್ತು ಆ ಮೂಲೆಯಿಂದ ಅಡ್ಡಲಾಗಿ ಸರಿದು ಬರುವ ಮೂರನೆಯ ರೆಪ್ಪೆಯ ಅಂಚಿನಲ್ಲಿ. ಮೂರನೆಯ ರೆಪ್ಪೆಯನ್ನು ದನ ಸಾಕುವವರು ಕೂಡ ಅಷ್ಟಾಗಿ ಗಮನಿಸಿರುವುದಿಲ್ಲ. ಮುಚ್ಚಿದ ಮೇಲಿನ ರೆಪ್ಪೆಯ ಮೇಲಿಂದ ಕಣ್ಣುಗುಡ್ಡೆಯನ್ನು ಬೆರಳಿನಲ್ಲಿ ಹಗುರವಾಗಿ ಒಳಕ್ಕೆ ಒತ್ತಿದರೆ ಅದು ಪೊರೆಯಂತೆ ಮೇಲೇಳುತ್ತದೆ, ಅದರ ಅಂಚನ್ನು ಆಗ ನೋಡಿಕೊಳ್ಳಬಹುದು. ಅಂಚು ಕಪ್ಪಗಿದ್ದರೆ ನೆಮ್ಮದಿ.

ಆ ಕಪ್ಪೇ ಕಾವಲು. ಬಿಸಿಲಿನ ನೇರಳಾತೀತ ಕಿರಣ ಕೋಶದೊಳಗಿನ ಡಿಎನ್‌ಎಯನ್ನು ಹಾಳುಮಾಡುತ್ತದೆ. ಚರ್ಮದ ಕರಿ ಬಣ್ಣ ಆ ಕಿರಣವನ್ನು ದಾರಿಯಲ್ಲೇ ಹಿಡಿದುಕೊಳ್ಳುತ್ತದೆ. ಬಣ್ಣವಿಲ್ಲದ ಅಂಚಿಗೆ ಅದು ಬರಿದೇ ಬೀಳುತ್ತದೆ, ವರ್ಷಗಟ್ಟಲೆ ಬೀಳುತ್ತದೆ. ಅದಕ್ಕೇ ಎಳೆಯ ಹಸುಗಳಲ್ಲಿ ಈ ಕಾಯಿಲೆ ಅಪರೂಪ. ಐದು ದಾಟಿದ ಮೇಲೆ, ಏಳೆಂಟು ವರ್ಷದ ಆಸುಪಾಸಿನಲ್ಲಿ ಹೆಚ್ಚು. ಸಮಭಾಜಕಕ್ಕೆ ಹತ್ತಿರವಾದಷ್ಟೂ, ನೆಲ ಎತ್ತರವಾದಷ್ಟೂ, ಬಿಸಿಲಿನ ಗಂಟೆ ಹೆಚ್ಚಾದಷ್ಟೂ ಕಾಯಿಲೆಯೂ ಹೆಚ್ಚು. ಕೋಲಾರದ ನೆಲ ಸಮುದ್ರಮಟ್ಟಕ್ಕಿಂತ 800 ಮೀಟರಿಗೂ ಮೇಲಿದೆ, ಮೋಡ ಕಡಿಮೆ, ಮರ ಇನ್ನೂ ಕಡಿಮೆ.

ಈ ತಿಳಿವಳಿಕೆ ಬೆಳೆದದ್ದು ಬೇರೆ ನಾಡುಗಳಲ್ಲಿ. ಇಂಗ್ಲೆಂಡಿನ ಹೆರೆಫರ್ಡ್ ತಳಿಯ ದನ ಮೈ ಬಹುಪಾಲು ಕೆಂಪು, ಮುಖ ಅಚ್ಚ ಬಿಳಿ. ಮೋಡ ಕವಿದ ತನ್ನ ನಾಡಿನಲ್ಲಿ ಆ ಬಿಳಿ ಮುಖದಿಂದ ಅದಕ್ಕೆ ಅಷ್ಟೇನೂ ತೊಂದರೆ ಇರಲಿಲ್ಲ. ಅಮೆರಿಕದ ಪಶ್ಚಿಮದ ಬಯಲುಗಳಿಗೂ ಆಸ್ಟ್ರೇಲಿಯಾಕ್ಕೂ ಅದನ್ನು ಸಾಗಿಸಿದ ಮೇಲೆ ಕಣ್ಣಿನ ಗಡ್ಡೆ ಅಲ್ಲಿನ ದನಗಾರರಿಗೆ ದೊಡ್ಡ ನಷ್ಟವಾಯಿತು. ರೆಪ್ಪೆಯ ಬಣ್ಣ ತಾಯ್ತಂದೆಗಳಿಂದ ಕರುವಿಗೆ ಬರುವ ಗುಣ ಎಂಬುದು ಅಲ್ಲಿನ ಹಿಂಡುಗಳನ್ನು ತಲೆಮಾರುಗಳುದ್ದಕ್ಕೂ ಲೆಕ್ಕವಿಟ್ಟು ನೋಡಿದ್ದರಿಂದ ಗಟ್ಟಿಯಾಯಿತು. ಕಣ್ಣಿನ ಸುತ್ತ ಬಣ್ಣವಿರುವ ಹೋರಿಗಳನ್ನೇ ಆರಿಸುತ್ತ ಬಂದವರ ಹಿಂಡಿನಲ್ಲಿ ಕಾಯಿಲೆ ಇಳಿಯಿತು.

ಇದನ್ನು ತಿಳಿದ ಮೇಲೆ ಊರಿನ ದನಗಳ ಕಣ್ಣಂಚು ನೋಡುತ್ತ ತಿರುಗುವುದು ನನಗೊಂದು ಗೀಳಾಯಿತು. ಸಂತೆಯಲ್ಲಿ ಹಳ್ಳಿಕಾರ್ ಎತ್ತುಗಳ ಸಾಲಿನ ಮುಂದೆ ನಿಂತರೆ ಸಾಕು. ಮೈ ಬೂದು, ಕೆಲವದು ಬಿಳಿಯೇ ಅನ್ನಿಸುವಷ್ಟು ತಿಳಿ. ಆದರೆ ಕೂದಲನ್ನು ಬೆರಳಿನಿಂದ ಸರಿಸಿದರೆ ಕೆಳಗಿನ ಚರ್ಮ ಕಪ್ಪು. ರೆಪ್ಪೆ ಕಪ್ಪು, ಮೂತಿ ಕಪ್ಪು, ಗೊರಸು ಕಪ್ಪು. ಅಮೃತಮಹಲ್ ಕೂಡ ಹಾಗೆಯೇ. ಬಿಸಿಲನ್ನು ಹಿಂದಕ್ಕೆ ಕಳಿಸಲು ಮೇಲೆ ತಿಳಿ ಬಣ್ಣದ ಕೂದಲು, ಒಳಗೆ ನುಗ್ಗಿದ್ದನ್ನು ತಡೆಯಲು ಕೆಳಗೆ ಕರಿ ಚರ್ಮ: ಎಷ್ಟು ಸಲ ನೋಡಿದರೂ ನನಗೆ ಈ ಏರ್ಪಾಡಿನ ಬಗ್ಗೆ ಸಂತೋಷ ತಣಿಯುವುದಿಲ್ಲ. ನಾಟಿ ದನಕ್ಕೆ ಕ್ಯಾನ್ಸರೇ ಬರುವುದಿಲ್ಲ ಎಂದು ಮಾತ್ರ ಹೇಳಬಾರದು. ಕೊಂಬಿನ ಕ್ಯಾನ್ಸರ್ ನಮ್ಮ ದೇಶದ ಎತ್ತುಗಳ ಹಳೆಯ ಶತ್ರು. ಎತ್ತು ತಲೆ ಕೊಡವುತ್ತಲೇ ಇರುತ್ತದೆ, ಒಂದೇ ಹೊಳ್ಳೆಯಲ್ಲಿ ರಕ್ತ ಕಾಣುತ್ತದೆ, ಕೊಂಬು ಬುಡದಲ್ಲಿ ಸಡಿಲವಾಗಿ ಒಂದು ಕಡೆಗೆ ವಾಲುತ್ತದೆ. ಅದೂ ಇದೇ ಜಾತಿಯ ಕೋಶಗಳ ಗಡ್ಡೆಯೇ, ಆದರೆ ಕೊಂಬಿನೊಳಗೆ ಬಿಸಿಲು ಹೋಗುವುದಿಲ್ಲ. ಅದರ ಕಥೆ ಬೇರೆ.

ಸೀಮೆಹಸುಗಳಲ್ಲಿ ಒಂದೊಂದೂ ಒಂದೊಂದು ಥರ. ಡೇರಿಯ ಪಕ್ಕದ ಹೊಂಗೆ ಮರದ ಕೆಳಗೆ ಕಟ್ಟಿದ್ದ ಹಸುಗಳಲ್ಲಿ ಎರಡು ಕಣ್ಣೂ ಕಪ್ಪಿರುವವು ಹೆಚ್ಚೇ ಇದ್ದವು. ಒಂದು ಕಣ್ಣು ಕಪ್ಪು ಒಂದು ಕಣ್ಣು ಬಿಳಿ ಇರುವವು ಕೆಲವು. ಪೂರ್ತಿ ಕಪ್ಪು ಮುಖದ ಹಸುವಿಗೂ ರೆಪ್ಪೆಯ ಒಂದು ತುಣುಕಷ್ಟೇ ಬಣ್ಣ ತಪ್ಪಿ ಹೋಗಿರುವುದುಂಟು. ಹತ್ತಿರ ಹೋಗದೆ ಗೊತ್ತಾಗುವುದಿಲ್ಲ.

ಚುಕ್ಕಿಯ ಬಿಳಿ ದದ್ದು ಕರಗಲಿಲ್ಲ. ಸಂಕ್ರಾಂತಿಗೆ ಹಸು ತೊಳೆದು ಕಿಚ್ಚು ಹಾಯಿಸುವ ಹೊತ್ತಿಗೆ ಐದು ಮಿಲಿಮೀಟರ್ ಆಗಿತ್ತು, ಮೇಲೆ ಸಣ್ಣ ಸಣ್ಣ ಗುಬುಟುಗಳು ಎದ್ದಿದ್ದವು. ಬುಡದಲ್ಲಿ ಎರಡು ಕೆಂಪು ರಕ್ತನಾಳಗಳು ಹೊರಮೂಲೆಯಿಂದ ಹೊರಟು ನೇರವಾಗಿ ಅದರೊಳಕ್ಕೆ ಹೋಗಿದ್ದವು. ನನಗೆ ಆ ನಾಳಗಳೇ ಹೆಚ್ಚು ದಿಗಿಲು ಹುಟ್ಟಿಸಿದವು. ಬೆಳೆಯುವುದಕ್ಕೆ ಊಟ ಬೇಕು, ಊಟದ ದಾರಿ ಹಾಕಿಕೊಂಡಿತ್ತು. ಕರಿಗುಡ್ಡೆಯ ಕಡೆಗಿನ ಅಂಚು ತೆಳ್ಳಗೆ ಮುಂದಕ್ಕೆ ಹಬ್ಬಿತ್ತು. ಕಣ್ಣುಗುಡ್ಡೆಯ ಗೋಡೆ ಗಟ್ಟಿ. ಅಲ್ಲಿನ ಗಡ್ಡೆ ಬಹುಕಾಲ ಒಳಕ್ಕಿಳಿಯದೆ ಹೊರಹೊರಗೇ ಬೆಳೆಯುತ್ತದೆ. ರೆಪ್ಪೆಯ ಮೇಲಿನದು ಹಾಗಲ್ಲ, ಬೇಗ ಆಳಕ್ಕೆ ಹೋಗುತ್ತದೆ, ಎಲುಬನ್ನೂ ಮುಟ್ಟುತ್ತದೆ.

ಮನೆಯವರನ್ನು ಒಪ್ಪಿಸುವುದು ಕಷ್ಟವಾಗಲಿಲ್ಲ, ಏಕೆಂದರೆ ಪಕ್ಕದ ಊರಿನಲ್ಲಿ ಒಂದು ಹಸುವಿನ ಗತಿ ಏನಾಯಿತೆಂದು ಅವರೇ ನೋಡಿ ಬಂದಿದ್ದರು. ಅದರ ಕಣ್ಣು ಪೂರ್ತಿ ಮುಚ್ಚಿಹೋಗಿ ಮುಷ್ಟಿಗಾತ್ರದ ಮಾಂಸ ಹೊರಗೆ ಬಂದಿತ್ತು. ವಾಸನೆ. ಕಾಗೆಗಳು ಬಂದು ಕುಕ್ಕುತ್ತಿದ್ದವು, ನೊಣ ಮೊಟ್ಟೆಯಿಟ್ಟು ಹುಳು ಬಿದ್ದಿತ್ತು. ಕಿವಿಯ ಬುಡದಲ್ಲಿ, ದವಡೆಯ ಕೀಲಿನ ಹತ್ತಿರ ಗಟ್ಟಿಯಾದ ಗಂಟು. ಅಲ್ಲಿರುವ ದುಗ್ಧಗ್ರಂಥಿಯೇ ಈ ಕ್ಯಾನ್ಸರ್ ಮೊದಲು ಹೋಗಿ ಸೇರುವ ಜಾಗ. ಅಲ್ಲಿಂದ ಕುತ್ತಿಗೆಗೆ, ಶ್ವಾಸಕೋಶಕ್ಕೆ. ಅಷ್ಟಾದ ಮೇಲೆ ಕಣ್ಣು ತೆಗೆದರೂ ಹಸು ಉಳಿಯುವುದಿಲ್ಲ. ಹೊರನಾಡಿನ ಕೈಪಿಡಿಗಳು ಇಂಥ ದನವನ್ನು ಕಾಯಿಲೆ ಹರಡುವ ಮೊದಲೇ ಮಾಂಸಕ್ಕೆ ಕಳಿಸಿ ಎಂದು ಸಲಹೆ ಕೊಡುತ್ತವೆ. ನಮ್ಮಲ್ಲಿ ಗೋಹತ್ಯೆ ನಿಷೇಧ ಕಾಯಿದೆಯಿಂದಾಗಿ ಆ ದಾರಿ ಇಲ್ಲ. ಇಂಥ ಮನೆಗಳಲ್ಲಿ ಕಾಯಿದೆ ಇರದಿದ್ದರೂ ಅದು ಸಲೀಸಾದ ಮಾತಾಗುತ್ತಿರಲಿಲ್ಲ. ಹಸು ಕೊಟ್ಟಿಗೆಯಲ್ಲೇ ಕೊನೆಯವರೆಗೂ ಇರುತ್ತದೆ. ಇರುತ್ತದೆ ಎಂದ ಮೇಲೆ ಅದರ ಕೊನೆ ಹೀಗಾಗದಂತೆ ನೋಡಿಕೊಳ್ಳುವ ಹೊಣೆ ಹೆಚ್ಚೇ ಹೊರತು ಕಡಿಮೆಯಲ್ಲ.

ಪಶು ಆಸ್ಪತ್ರೆಯ ಡಾಕ್ಟರು ಚುಕ್ಕಿಯನ್ನು ಕಬ್ಬಿಣದ ಕಟಕಟೆಯೊಳಗೆ ನಿಲ್ಲಿಸಿ, ಮೊದಲು ಕಣ್ಣನ್ನೇ ನೋಡಲಿಲ್ಲ. ಎರಡೂ ಕಿವಿಗಳ ಬುಡವನ್ನು ಬೆರಳುಗಳಿಂದ ಒತ್ತಿ ಒತ್ತಿ ಹೋಲಿಸಿದರು. ನನ್ನ ಕೈಯನ್ನೂ ಅಲ್ಲಿಡಿಸಿದರು. ಎಡಕ್ಕೂ ಬಲಕ್ಕೂ ವ್ಯತ್ಯಾಸವಿರಲಿಲ್ಲ, ಚರ್ಮದ ಕೆಳಗೆ ಮೆತ್ತಗೆ ಸರಿಯುವಂಥದ್ದು ಅಷ್ಟೆ. “ಇದು ಸರಿಯಿದ್ರೆ ಕೆಲಸ ಮಾಡಬಹುದು,” ಎಂದರು.

ಕೆಲಸ ಹೆಚ್ಚು ಹೊತ್ತಿನದಲ್ಲ. ರೆಪ್ಪೆ ಆಡದಂತೆ ಒಂದು ಸೂಜಿ, ಕಣ್ಣು ಮರಗಟ್ಟಲು ಇನ್ನೊಂದು. ತೆಳ್ಳನೆಯ ಬ್ಲೇಡಿನಿಂದ ಗಂಟನ್ನು ಕಣ್ಣುಗುಡ್ಡೆಯ ಮೇಲಿಂದ ಹೆರೆದು ತೆಗೆದು ಪರೀಕ್ಷೆಗೆ ಫಾರ್ಮಲಿನ್ ಸೀಸೆಗೆ ಹಾಕಿದರು. ಆಮೇಲೆ ಗಂಟಿದ್ದ ಜಾಗವನ್ನು ಹೆಪ್ಪುಗಟ್ಟಿಸಬೇಕು, ಉಳಿದಿರಬಹುದಾದ ಕೋಶಗಳು ಸಾಯಲು. ಅದಕ್ಕೆ ಬೇಕಾದ ದ್ರವ ಸಾರಜನಕವನ್ನು ತಂದವನು ಕೃತಕ ಗರ್ಭಧಾರಣೆಗೆ ಊರೂರು ತಿರುಗುವ ಹುಡುಗ, ಬೈಕಿನ ಹಿಂದೆ ಕಟ್ಟಿಕೊಂಡು ಬರುವ ಅದೇ ಕ್ಯಾನಿನಲ್ಲಿ. ಮೈನಸ್ 196 ಡಿಗ್ರಿಯ ಆ ದ್ರವದಲ್ಲಿ ಮುಳುಗಿದ್ದ ವೀರ್ಯದ ಕಡ್ಡಿಗಳಿಂದಲೇ ಈ ಊರಿಗೆ ಎಚ್.ಎಫ್. ಬಂದದ್ದು, ಹಾಲೂ ಬಂದದ್ದು, ಬಿಳಿ ಮುಖವೂ ಬಂದದ್ದು. ಕ್ಯಾನಿನ ಮುಚ್ಚಳ ತೆಗೆದಾಗ ಬಿಳಿ ಆವಿ ನೆಲದ ಕಡೆಗೆ ಇಳಿಯಿತು. ಲೋಹದ ಚಿಕ್ಕ ಕಡ್ಡಿಯನ್ನು ಅದರಲ್ಲಿ ಅದ್ದಿ ಡಾಕ್ಟರು ಆ ಜಾಗಕ್ಕೆ ಒತ್ತಿ ಹಿಡಿದರು. ಸುತ್ತ ಹಿಮದ ಹಾಗೆ ಬೆಳ್ಳಗೆ ಒಂದು ಉಂಗುರ ಹರಡಿತು. ಕಡ್ಡಿ ತೆಗೆದು, ಬಿಳುಪು ತಾನಾಗಿಯೇ ನಿಧಾನಕ್ಕೆ ಕರಗುವವರೆಗೆ ಬಿಟ್ಟು, ಮತ್ತೊಮ್ಮೆ ಒತ್ತಿದರು. ಬೇಗ ಹೆಪ್ಪುಗಟ್ಟಬೇಕು, ತಡವಾಗಿ ಕರಗಬೇಕು, ಎರಡು ಸಲ ಆಗಬೇಕು. ಕೋಶ ಒಡೆಯುವುದು ಆಗಲೇ.

ಮನೆಯೊಡತಿ ಕೇಳಿದ ಮೊದಲ ಪ್ರಶ್ನೆ ಹಾಲಿನದು. “ಮಕ್ಳು ಕುಡೀತಾರೆ ಸಾರ್, ಏನೂ ಆಗಲ್ವಾ?” ಹಾಲಿನಿಂದ ಮನುಷ್ಯರಿಗೆ ಈ ಕ್ಯಾನ್ಸರ್ ಬರುವುದಿಲ್ಲ, ಹಸುವಿಂದ ಹಸುವಿಗೆ ಅಂಟುವಂಥದ್ದೂ ಅಲ್ಲ. ಆಂಟಿಬಯೋಟಿಕ್ ಕೊಟ್ಟ ದಿನಗಳ, ಆಮೇಲೆ ಡಾಕ್ಟರು ಹೇಳಿದಷ್ಟು ದಿನಗಳ ಹಾಲನ್ನು ಮಾತ್ರ ಮನೆಗೂ ಬಳಸಬಾರದು, ಡೇರಿಗೂ ಹಾಕಬಾರದು. ಡಾಕ್ಟರು ಇದನ್ನು ಎರಡು ಸಲ ಹೇಳಿದರು.

ಚುಕ್ಕಿಯ ಕಣ್ಣಂಚಿನಲ್ಲಿ ಈಗ ಬೂದು ಬಣ್ಣದ ಕಲೆ ಉಳಿದಿದೆ, ಚಪ್ಪಟೆಯಾಗಿ. ಬಿಳಿ ಅಂಚು ಇನ್ನೂ ಇದೆ, ಬಿಸಿಲೂ ಇದೆ. ಆದ್ದರಿಂದ ಗಂಟು ಮತ್ತೆ ಬರಬಹುದು, ಬೇರೆ ಜಾಗದಲ್ಲಿ ಹೊಸದು ಏಳಲೂಬಹುದು. ನೋಡುವುದು ನಿಲ್ಲಿಸುವಂತಿಲ್ಲ.

ಕಣ್ಣನ್ನೇ ತೆಗೆಯಬೇಕಾಗಿ ಬಂದ ಇನ್ನೊಂದು ಹಸುವನ್ನು ಕೆರೆಯಂಗಳದಲ್ಲಿ ನಾನು ಬಹುದಿನ ಹಿಂಬಾಲಿಸಿದ್ದೇನೆ. ಊರ ಆಚೆಯ ತೋಟದವರದು, ವಯಸ್ಸಾದ ಹಸು. ಗಡ್ಡೆ ಕರಿಗುಡ್ಡೆಯನ್ನು ಮುಚ್ಚಿತ್ತು, ಕಿವಿಯ ಬುಡ ಮಾತ್ರ ಸರಿಯಿತ್ತು. ನಿಂತ ಹಾಗೆಯೇ ಮರಗಟ್ಟಿಸಿ, ರೆಪ್ಪೆಗಳೆರಡನ್ನೂ ಸೇರಿಸಿ ಹೊಲಿದು, ಅದರ ಸುತ್ತ ಕೊಯ್ದು ಒಳಗಿನದೆಲ್ಲವನ್ನೂ ಒಟ್ಟಿಗೆ ಹೊರತೆಗೆದಿದ್ದರು. ಹೊಲಿಗೆ ಬಿಚ್ಚಿದ ಮೇಲೆ ಆ ಜಾಗದಲ್ಲಿ ಕೂದಲು ಬಂದು ಒಂದು ತಗ್ಗು ಮಾತ್ರ ಉಳಿಯಿತು.

ದನದ ಕಣ್ಣುಗಳು ತಲೆಯ ಎರಡು ಪಕ್ಕಕ್ಕಿರುವುದರಿಂದ ಬೆನ್ನ ಹಿಂದಿನ ಒಂದು ಸಣ್ಣ ಪಟ್ಟಿ ಬಿಟ್ಟರೆ ಸುಮಾರು 330 ಡಿಗ್ರಿಯಷ್ಟು ಸುತ್ತಳತೆ ಅವಕ್ಕೆ ಕಾಣುತ್ತದೆ. ಒಂದು ಕಣ್ಣು ಹೋದರೆ ಹೆಚ್ಚುಕಡಿಮೆ ಒಂದು ಇಡೀ ಪಕ್ಕವೇ ಹೋದಂತೆ. ಮೊದಲ ದಿನಗಳಲ್ಲಿ ಹಸು ತಲೆಯನ್ನು ಕುರುಡು ಕಡೆಗೆ ತಿರುಗಿಸಿಕೊಂಡು, ಒಳ್ಳೆಯ ಕಣ್ಣನ್ನು ಮುಂದಕ್ಕೆ ಹಿಡಿದು ನಡೆಯುತ್ತಿತ್ತು. ಕೆರೆಗಿಳಿಯುವ ಕಡಿದಾದ ಕಡೆ ನಿಂತು, ಮೂಗನ್ನು ನೆಲಕ್ಕೆ ಹಚ್ಚಿ, ಉಸಿರು ಬಿಟ್ಟು ಆಮೇಲೆ ಕಾಲಿಡುತ್ತಿತ್ತು. ಬೇರೆ ಹಸುಗಳು ಕುರುಡು ಪಕ್ಕದಿಂದ ಬಂದು ತಾಗಿದರೆ ಬೆಚ್ಚಿ ಒದೆಯುತ್ತಿತ್ತು. ಮಳೆ ಹಿಡಿದು ಹುಲ್ಲು ಚಿಗುರಿದ ಕಾಲಕ್ಕೆ ಅದು ಹಿಂಡಿನ ಒಂದೇ ಅಂಚಿನಲ್ಲಿ ಮೇಯುವುದನ್ನು ಕಂಡೆ, ಕುರುಡು ಪಕ್ಕ ಏರಿಗೆ, ಕಾಣುವ ಕಣ್ಣು ಹಿಂಡಿಗೆ. ಆ ಪಕ್ಕದ ಕಿವಿ ಸುಮ್ಮನಿರುತ್ತಿರಲಿಲ್ಲ. ಹಿಂದಕ್ಕೂ ಪಕ್ಕಕ್ಕೂ ತಿರುಗುತ್ತಲೇ ಇತ್ತು. ಗೋವಕ್ಕಿಗಳು ಎರಡೂ ಕಡೆ ಸಮನಾಗಿ ನಡೆಯುತ್ತಿದ್ದವು. ಹಾಲು ಮೊದಲಿನಷ್ಟೇ ಕೊಡುತ್ತಿದೆ ಎಂದು ತೋಟದವರು ಹೇಳಿದರು. ಕರೆಯುವವರು ಒಂದನ್ನು ಕಲಿಯಬೇಕಾಯಿತು: ಹೆಸರು ಹಿಡಿದು ಕೂಗದೆ ಆ ಪಕ್ಕದಿಂದ ಹತ್ತಿರ ಹೋಗುವಂತಿಲ್ಲ.

ಇದನ್ನು ಬರೆಯುವುದಕ್ಕೆ ನನಗಿರುವ ಕಾರಣ ಒಂದೇ. ಈ ಕಾಯಿಲೆ ಗುಟ್ಟಾಗಿ ಒಳಗೆ ಬೆಳೆಯುವುದಿಲ್ಲ. ಮುಖದ ಮೇಲೆ, ದಿನಕ್ಕೆರಡು ಹೊತ್ತು ಹಾಲು ಕರೆಯುವವರ ಕೈಗೆಟಕುವ ದೂರದಲ್ಲಿ, ತಿಂಗಳುಗಟ್ಟಲೆ ಕಾಣುವಂತೆ ಬೆಳೆಯುತ್ತದೆ. ಅದನ್ನು ಹಿಡಿಯಬಲ್ಲವರು ಡಾಕ್ಟರಿಗಿಂತ ಮೊದಲು ಅವರೇ. ಬಿಳಿ ಕಣ್ಣಂಚಿನ ಹಸುವಿದ್ದರೆ ತಿಂಗಳಿಗೊಮ್ಮೆ ಅಂಚುಗಳನ್ನು ನೋಡಿ, ಒಂದೇ ಕಣ್ಣಿನಲ್ಲಿ ನೀರು ಇಳಿಯುತ್ತಲೇ ಇದ್ದರೆ ಕಾಯದೆ, ಪಶು ಸಹಾಯವಾಣಿ 1962ಕ್ಕೆ ಕರೆ ಮಾಡಿಯಾದರೂ ಪಶುವೈದ್ಯರಿಗೆ ತೋರಿಸಬೇಕು. ಗಂಟು ಚಿಕ್ಕದಿರುವಾಗ ಒಂದು ಬೆಳಗಿನಲ್ಲಿ ಮುಗಿಯುವ ಕೆಲಸ, ಬಿಟ್ಟರೆ ಹಸುವನ್ನೇ ಕಳೆದುಕೊಳ್ಳುವ ಸಂಕಟ. ಮಧ್ಯಾಹ್ನದ ಹೊತ್ತು ಬಯಲಿನ ಗೂಟಕ್ಕೆ ಕಟ್ಟದೆ ನೆರಳಿಗೆ ತರುವುದು ದುಡ್ಡು ಬೇಡದ ಉಪಾಯ. ಹೊಂಗೆಯ ದಟ್ಟ ನೆರಳು ಇದಕ್ಕೆ ಚೆನ್ನ, ಆ ಕಡೆಯ ಹೊಲದ ಬದುಗಳಲ್ಲಿ ಅದು ತಾನಾಗಿಯೇ ಬರುತ್ತದೆ; ಕಡಿಯದಿದ್ದರೆ ಆಯಿತು.

ಚುಕ್ಕಿಯ ಕೊನೆಯ ಹೆಣ್ಣುಗರುವಿಗೂ ತಾಯಿಯ ಮುಖವೇ ಬಂದಿದೆ, ಆದರೆ ಕಪ್ಪು ಮಚ್ಚೆ ಎಡಗಡೆಗೆ, ಬಿಳುಪು ಬಲಗಡೆಗೆ. ಬಲಗಣ್ಣಿನ ಮೂರನೆಯ ರೆಪ್ಪೆಯ ಅಂಚಿಗೆ ಮಾತ್ರ ಅರ್ಧ ದೂರ ಕಪ್ಪು ಬಂದು ನಿಂತಿದೆ. ಕರು ಬೆದೆಗೆ ಬಂದಾಗ ಕಣ್ಣ ಸುತ್ತ ಕಪ್ಪಿರುವ ಹೋರಿಯ ಕಡ್ಡಿಯನ್ನೇ ತಾ ಎಂದು ಮನೆಯೊಡತಿ ಆ ಬೈಕಿನ ಹುಡುಗನಿಗೆ ಈಗಾಗಲೇ ಹೇಳಿಟ್ಟಿದ್ದಾರೆ. ಹೋರಿಯ ಫೋಟೊ ಇದ್ದರೆ ಮೊದಲೇ ಕಳಿಸು, ನಾನೂ ನೋಡಬೇಕು ಎಂದೂ ಸೇರಿಸಿದ್ದಾರೆ.